ಖಾಲಿಯಲ್ಲ, ಹಗುರ

ಬೆಟ್ಟದಲ್ಲಿ ಜಾರಿ ಬಿದ್ದವರನ್ನು ಕಾಪಾಡಲು ಒಂದು ಇಲಾಖೆಯಿದೆ. ಆ ಇಲಾಖೆಯನ್ನು ಕಾಪಾಡಲು ನಿಯಮಗಳಿವೆ. ಬೆಟ್ಟದ ಬುಡದ ಕಚೇರಿಯಲ್ಲಿ ಈ ನಿಯಮಗಳನ್ನು ಹೆತ್ತ ಮಕ್ಕಳಂತೆ ನೋಡಿಕೊಳ್ಳುತ್ತಿದ್ದವನು ಅಲ್ಲಿನ ಉಗ್ರಾಣಿಕ.

ಅವನಿಗಿದ್ದ ಒಂದೇ ಕೊರಗೆಂದರೆ ಪಾರುಗಾಣಿಕೆ ದಳದವರ ಬೆನ್ನುಚೀಲ. ಅದರಲ್ಲಿ ಹಗ್ಗ, ಬ್ಯಾಂಡೇಜು, ಟಾರ್ಚು, ಕಂಬಳಿ, ಬಿಸ್ಕತ್ತು ಎಲ್ಲವೂ ಒಂದರ ಮೇಲೊಂದು ಬಿದ್ದುಕೊಂಡಿರುತ್ತಿದ್ದವು. ದಳದ ಮುಖಂಡ ಬಂಡೆಗೆ ಅಂಟಿದರೆ ಬಿಡದವನಾದ್ದರಿಂದ ಅವನಿಗೆ ‘ಉಡ’ ಎಂದೇ ಹೆಸರು. ಅವನು ಟಾರ್ಚಿಗೆಂದು ಕೈ ಹಾಕಿದರೆ ಬಿಸ್ಕತ್ತಿನ ಪುಡಿ ಸಿಗುತ್ತಿತ್ತು. ಆದರೂ ಬಿದ್ದವರು ಬದುಕಿ ಬರುತ್ತಿದ್ದರು. ಇಷ್ಟೊಂದು ಅಸ್ತವ್ಯಸ್ತವಾಗಿ ಜನರನ್ನು ಬದುಕಿಸುವುದು ಉಗ್ರಾಣಿಕನಿಗೆ ಸರಿಕಾಣುತ್ತಿರಲಿಲ್ಲ.

ಹೀಗಿರುವಾಗ ನಿರ್ದೇಶಕರ ಬಾಮೈದನ ಕೊಡೆ ಕಾರ್ಖಾನೆ ಮುಚ್ಚಿತು. ಅವನ ಕೊಡೆಗಳು ಬಲು ಹಗುರ. ಮಳೆ ಬಂದರೆ ಸೋರುತ್ತಿದ್ದವು, ಗಾಳಿ ಬಂದರೆ ಹೊರಟುಹೋಗುತ್ತಿದ್ದವು. ಉಳಿದ ಬಟ್ಟೆ ರಾಶಿ ಬಿದ್ದಿತ್ತು. ಇದಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲ. ಮರುವಾರವೇ ಒಂದು ಪ್ರಕಟಣೆ ಹೊರಬಿತ್ತು: “ಬೆನ್ನುಚೀಲದೊಳಗಿನ ಪ್ರತಿಯೊಂದು ವಸ್ತುವೂ ತನ್ನದೇ ಆದ ಹಗುರಚೀಲದಲ್ಲಿ ವಾಸಿಸತಕ್ಕದ್ದು. ಹಗ್ಗಕ್ಕೆ ಕೆಂಪು, ಔಷಧಿಗೆ ನೀಲಿ, ಬಿಸ್ಕತ್ತಿಗೆ ಹಳದಿ. ಬಣ್ಣ ಮರೆತವರು ಚೀಲವನ್ನು ಅಲುಗಾಡಿಸಿ ನೋಡಕೂಡದು.”

ಚೀಲಗಳು ಬಂದವು. ಉಫ್ ಎಂದರೆ ಹಾರುವಂಥವು. ಉಗ್ರಾಣಿಕ ಒಂದನ್ನು ಅಂಗೈ ಮೇಲಿಟ್ಟುಕೊಂಡಾಗ ಅವನ ಕಣ್ಣು ತುಂಬಿ ಬಂತು. ಉಡನೂ ತಲೆದೂಗಿದ. “ಪರವಾಗಿಲ್ಲ ಕಣಣ್ಣ, ಬೇಕಾದ್ದು ಕೈಗೆ ಸಿಗುತ್ತೆ.”

ಅಲ್ಲಿಗೇ ನಿಂತಿದ್ದರೆ ಇಲಾಖೆ ಎನ್ನಿಸಿಕೊಳ್ಳುತ್ತಿರಲಿಲ್ಲ. ನಿರ್ದೇಶಕರಿಗೆ ಒಬ್ಬ ಷಡ್ಡಕನೂ ಇದ್ದ, ಹಿತ್ತಾಳೆ ಎರಕ ಹೊಯ್ಯುವವನು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚುವುದು ಹಿರಿಯ ಅಧಿಕಾರಿಗೆ ಶೋಭೆಯಲ್ಲ. ಹಾಗಾಗಿ ಪ್ರತಿ ಹಗುರಚೀಲಕ್ಕೂ ಒಳಗೇನಿದೆಯೆಂದು ಕೆತ್ತಿದ ಹಿತ್ತಾಳೆ ಬಿಲ್ಲೆ ಕಡ್ಡಾಯವಾಯಿತು. ಅಂಗೈಯಗಲ, ಹೆಬ್ಬೆರಳ ದಪ್ಪ.

ಉಡ ಬೆನ್ನುಚೀಲಕ್ಕೆ ತೋಳು ತೂರಿಸಿ ಏಳಹೋದವನು ಕೂತಲ್ಲೇ ಕೂತ. ಸಭೆ ಸೇರಿತು.

“ಬಿಲ್ಲೆ ತೆಗೆದರೆ?” ನಿರ್ದೇಶಕರು ಕೇಳಿದರು.

“ಯಾವ ಚೀಲ ಯಾವುದು ಅಂತ ಗೊತ್ತಾಗಲ್ಲ ಸಾರ್,” ಅಂದ ಉಗ್ರಾಣಿಕ.

“ಚೀಲ ತೆಗೆದರೆ?”

“ಬಿಲ್ಲೆ ಎಲ್ಲಿ ನೇತುಹಾಕೋದು ಸಾರ್?”

“ಹಾಗಾದರೆ ಇರಲೇಬೇಕು ಅಂತ ಯಾವ ನಿಯಮದಲ್ಲೂ ಇಲ್ಲದೆ ಒಳಗೆ ಬಂದು ಕೂತಿರೋದು ಏನು?”

ಉಗ್ರಾಣಿಕ ನಿಯಮದ ಪುಸ್ತಕವನ್ನು ಕೊನೆಯವರೆಗೂ ತಿರುವಿದ. “ಸಾಮಾನು ಸಾರ್.”

ಸಾಮಾನು ಉಗ್ರಾಣ ಸೇರಿತು. ದಳ ಮತ್ತೆ ಎದ್ದು ನಿಂತಿತು. ಉಡ ಮಾತ್ರ ಏನೋ ಕೇಳಬೇಕೆಂದು ಬಾಯಿ ತೆರೆದು, ಎದುರಿಗೆ ನಿರ್ದೇಶಕರನ್ನು ಕಂಡು, ಆಕಳಿಸಿದ.

ಉಗ್ರಾಣಿಕನ ಹೆಂಡತಿ ನೆರೆಮನೆಯವರ ಜೊತೆ ಬೆಟ್ಟ ಹತ್ತಿದ್ದು ಅದಾದ ಕೆಲವೇ ದಿನಕ್ಕೆ. ದಾರಿಯಂಚಿನ ಜಲ್ಲಿಯಲ್ಲಿ ಜಾರಿ, ಕೆಳಗಿನ ಕಿರಿದಾದ ಕಲ್ಲುಹಾಸಿನ ಮೇಲೆ ಬಿದ್ದಳು. ಅದರಾಚೆ ಆಳದ ಕೊರಕಲು. ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು.

“ರೀ, ಕಾಲು ಉಳುಕಿದೆ. ಹಗ್ಗ ಹಿಡ್ಕೊಂಡು ಬೇಗ ಬನ್ನಿ.”

ಉಗ್ರಾಣಿಕ ಉಗ್ರಾಣಕ್ಕೆ ಓಡಿದ. ಸುರುಳಿ ಸುತ್ತಿದ ಹಗ್ಗ ಕೈಗೆಟುಕುವಂತಿತ್ತು. ಆದರೆ ಕೆಂಪು ಚೀಲವಿಲ್ಲದೆ ಹಗ್ಗ ಹೊರಗೆ ಹೋಗುವಂತಿಲ್ಲ. ಕೆಂಪು ಚೀಲ, ನೆರೆಮನೆಯವರ ಕರೆಗೆ ಹೊರಟ ದಳದೊಂದಿಗೆ ಆಗಲೇ ಬೆಟ್ಟ ಹತ್ತುತ್ತಿತ್ತು. ಹಗ್ಗವನ್ನು ಒಮ್ಮೆ ಮುಟ್ಟಿದ, ಸುತ್ತಮುತ್ತ ನೋಡಿದ. ಯಾರೂ ಇರಲಿಲ್ಲ. ಯಾರೂ ಇಲ್ಲದಾಗಲೂ ನಿಯಮ ಇರುತ್ತದೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನೇ ಅವನು. ಬೀಗ ಹಾಕಿ, ಬರಿಗೈಯಲ್ಲಿ ಅಳುತ್ತಾ ಬೆಟ್ಟ ಹತ್ತಿದ.

ಮೇಲೆ ಉಡ ಕ್ರಮವಾಗಿ ಕೆಲಸ ನಡೆಸಿದ್ದ. ‘ಹಗ್ಗ’ ಎಂಬ ಬಿಲ್ಲೆಯಿದ್ದ ಚೀಲವನ್ನು ಹುಡುಕಿ, “ಅಕ್ಕಾ, ತಲೆ ಜೋಪಾನ,” ಎಂದು ಕೆಳಗೆಸೆದ. ಅವಳು ಬಿಚ್ಚಿದಳು, ತಲೆಕೆಳಗು ಮಾಡಿ ಕೊಡವಿದಳು.

“ರೀ! ಇದು ಖಾಲಿ!”

“ಖಾಲಿಯಲ್ಲ ಕಣೇ, ಹಗುರ!” ಗಂಡ ಬಿಕ್ಕುತ್ತಲೇ ಕೂಗಿದ.

ಕೆಳಗಿನಿಂದ ಬಂದ ಉತ್ತರವನ್ನು ಇಲಾಖೆಯ ಭಾಷೆಯಲ್ಲಿ ಹೇಳಲು ಬರುವುದಿಲ್ಲ. ನೆರೆಮನೆಯವರು ಕಿವಿ ಮುಚ್ಚಿಕೊಂಡರು.

ಅಷ್ಟರಲ್ಲಿ ಆ ದಾರಿಯಲ್ಲಿ ಮೇಕೆ ಹಿಡಿದುಕೊಂಡು ಹೊರಟಿದ್ದ ಮುದುಕಿಯೊಬ್ಬಳು ನಿಂತು, ಬಗ್ಗಿ ನೋಡಿ, ಮೇಕೆಯ ಕುತ್ತಿಗೆಯ ಉದ್ದನೆಯ ಹಗ್ಗ ಬಿಚ್ಚಿ ಉಡನ ಕೈಗಿತ್ತಳು. “ಮೊದಲು ಎಳೀರಪ್ಪ, ಆಮೇಲೆ ಅಳೀರಂತೆ.” ಎಳೆದರು. ಹೆಂಡತಿ ಮೇಲೆ ಬಂದಳು. ಉಗ್ರಾಣಿಕ ಅವಳನ್ನು ಅಪ್ಪಿಕೊಳ್ಳಲು ಮುಂದಾದ; ಅವಳು ಉಡನ ಹೆಗಲು ಹಿಡಿದು ನಡೆದಳು.

ಚೀಲವಿಲ್ಲದೆ ಸರ್ಕಾರಿ ಕೆಲಸಕ್ಕೆ ಬಳಕೆಯಾದ ಹಗ್ಗವನ್ನು ಇಲಾಖೆ ವಶಪಡಿಸಿಕೊಂಡಿತು. ಬದಲಿಗೆ ಮೇಕೆಯ ಕುತ್ತಿಗೆಗೆ ಬಿಲ್ಲೆ ಸಮೇತ ಕೆಂಪು ಚೀಲ ಕಟ್ಟಲಾಯಿತು. ಬಿಲ್ಲೆಯ ಭಾರಕ್ಕೆ ಮೇಕೆ ನಿಂತಲ್ಲಿಂದ ಕದಲಲಿಲ್ಲ. ಹಗ್ಗ ಇದ್ದಾಗಲೂ ಅದು ಇಷ್ಟು ಶಿಸ್ತಿನಿಂದ ಇರಲಿಲ್ಲವೆಂದು ಮುದುಕಿ ಒಪ್ಪಿಕೊಂಡಳು.

ಹಗುರಚೀಲ ಯೋಜನೆಯ ಮೊದಲ ಯಶಸ್ಸನ್ನು ಸಂಭ್ರಮಿಸಲು ಸಭೆ ಏರ್ಪಾಟಾಯಿತು. ಹೆಂಡತಿಗೆ ಶಾಲು ಹೊದಿಸಿ ಎರಡು ಮಾತಾಡಲು ಹೇಳಿದರು. ಗಂಡನ ಜೊತೆ ಅಲ್ಲಿಯವರೆಗೂ ಮಾತು ಬಿಟ್ಟಿದ್ದವಳು ಮೈಕಿನಲ್ಲಿ ಶುರು ಮಾಡಿದಳು: “ನಿಮ್ಮನ್ನ ನಂಬಿದರೆ ಆಯ್ತು ನಮ್ಮ ಕಥೆ! ಇನ್ಮೇಲೆ ಬೀಳೋರೇ ಹಗ್ಗ ತಂದು, ಮೇಲಕ್ಕೆ ನಿಮ್ಮ ಮುಖಕ್ಕೆ ಎಸೀಬೇಕು!”

ಉಗ್ರಾಣಿಕ ಕುರ್ಚಿಯಡಿ ತೂರಿಕೊಳ್ಳಲು ಜಾಗ ನೋಡಿದ. ನಿರ್ದೇಶಕರು ಎದ್ದು ನಿಂತರು.

“ಅದ್ಭುತ,” ಎಂದರು. “ಇದು ನಮಗೆ ಹೊಳೆದೇ ಇರಲಿಲ್ಲ.”

ಈಗ ಬೆಟ್ಟದಲ್ಲಿ ಎಲ್ಲವೂ ಸುಗಮವಾಗಿದೆ. ಬಿದ್ದವರು ತಮ್ಮ ಹಗ್ಗವನ್ನು ಮೇಲಕ್ಕೆ ಎಸೆಯುತ್ತಾರೆ, ದಳದವರು ಹಿಡಿದು ಎಳೆಯುತ್ತಾರೆ, ಬಂದವರು ಧನ್ಯವಾದ ಹೇಳಿ ಹೋಗುತ್ತಾರೆ. ಎಸೆಯಲು ಬಾರದವರಿಗೆ ಕಚೇರಿಯ ಅಂಗಳದಲ್ಲಿ ವಾರಕ್ಕೊಮ್ಮೆ ತರಬೇತಿಯುಂಟು. ಕಲಿಸುವವಳು ಉಗ್ರಾಣಿಕನ ಹೆಂಡತಿಯೇ. ಅವಳ ಗುರಿ ಒಮ್ಮೆಯೂ ತಪ್ಪುವುದಿಲ್ಲವೆಂದು ಹಣೆಯಲ್ಲಿ ಊದಿಕೊಂಡ ಬೋರೆ ಸವರಿಕೊಳ್ಳುತ್ತಾ ಗಂಡ ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಾನೆ.