ಧಾರಾವಾಹಿಯ ಹೆಣ್ಣಿಗೊಬ್ಬ ಗಂಡು

ಭಯಾನಕ ಧಾರಾವಾಹಿಗಳಿಗೆ ವಿಮರ್ಶೆ ಬರೆಯುವವನು ಗಟ್ಟಿ ಗುಂಡಿಗೆಯವನಾಗಿರುತ್ತಾನೆ ಎಂದು ಜನ ನಂಬಿದ್ದಾರೆ. ನಂಬಲಿ. ಕಾಲೆರಡನ್ನೂ ಕುರ್ಚಿಯ ಮೇಲೆಳೆದುಕೊಂಡು, ಹೆದರಿಕೆಯ ಜಾಗ ಬಂದಾಗಲೆಲ್ಲ ಒರೆಸುವ ನೆಪದಲ್ಲಿ ಕನ್ನಡಕ ತೆಗೆದು, ಮಾರನೆಯ ದಿನ 'ಈ ದೆವ್ವಕ್ಕೆ ಬೆಕ್ಕೂ ಬೆದರದು' ಎಂದು ಬರೆಯುವುದಕ್ಕೆ ಬೇಕಾದ್ದು ಗುಂಡಿಗೆಯಲ್ಲ, ಪೆನ್ನು. ಕೋಡಿಯ ಐಸ್ ಪ್ಲಾಂಟಿನಲ್ಲಿ ಗುಮಾಸ್ತನಾಗಿದ್ದ ನಾನು ಕುಂದಾಪುರದ ಒಂದು ವಾರಪತ್ರಿಕೆಗೆ ಟಿವಿ ವಿಮರ್ಶೆ ಬರೆಯುತ್ತಿದ್ದ ಕಾಲ ಅದು. ಕೇಬಲ್ ತಂತಿ ತೆಂಗಿನ ಮರದಿಂದ ಮರಕ್ಕೆ ಹಾದು ನಮ್ಮ ಮನೆಗೆ ಬಂದು ಹೆಚ್ಚು ಸಮಯವಾಗಿರಲಿಲ್ಲ. ಮಳೆಗಾಲದ ಆಸಾಡಿ ತಿಂಗಳಲ್ಲಿ ದೋಣಿಗಳು ಕಡಲಿಗಿಳಿಯುವುದಿಲ್ಲ. ಮೀನಿಲ್ಲದ ಮೇಲೆ ಐಸಿಗೇನು ಕೆಲಸ? ಹಾಗಾಗಿ ಆ ತಿಂಗಳು ನನ್ನ ಸಾಹಿತ್ಯ ಸೇವೆ ಜೋರಾಗಿರುತ್ತಿತ್ತು.

ಆ ವರ್ಷ ಹದಿಹರೆಯದವರಿಗೆಂದೇ ಒಂದು ಧಾರಾವಾಹಿ ಶುರುವಾಯಿತು. ಗುಡ್ಡದ ಮೇಲೊಂದು ಹಾಸ್ಟೆಲು. ವಾರಕ್ಕೊಬ್ಬ ವಿದ್ಯಾರ್ಥಿ ಕಾಣೆ. ಕಾಣೆಯಾಗುವ ಮುಂಚೆ ಜಗಲಿಯ ಕೊನೆಯಲ್ಲಿ ಒದ್ದೆ ಕೂದಲಿನ ಹುಡುಗಿಯೊಬ್ಬಳು ಬೆನ್ನು ಹಾಕಿ ನಿಂತಿರುತ್ತಾಳೆ. ಅದೇ ಹಾಸ್ಟೆಲಿನಲ್ಲಿ ಹಿಂದೆಂದೋ ಸತ್ತವಳು. ದೊಡ್ಡ ಊರಿನ ವಿಮರ್ಶಕರು 'ಹರೆಯದ ತಲ್ಲಣಗಳ ರೂಪಕ' ಎಂದು ಹೊಗಳಿದರು. ನಮ್ಮ ಐಸ್ ಪ್ಲಾಂಟಿನ ಲಾರಿ ಡ್ರೈವರುಗಳು ವಾರ್ಡನ್ನೇ ಕೊಲೆಗಾರ ಎಂದು ಚಾ-ಬನ್ಸು ಪಣಕ್ಕಿಟ್ಟರು. ಒಂಬತ್ತನೇ ಕ್ಲಾಸಿನ ನನ್ನ ಮಗಳು ಸಹನಾ, ಅಂದರೆ ಯಾರನ್ನು ಹೆದರಿಸಲು ಇಷ್ಟೆಲ್ಲ ಖರ್ಚು ಮಾಡಿದ್ದರೋ ಆ ಪ್ರಾಯದವಳು, ಹುರಿಗಡಲೆ ಜಗಿಯುತ್ತ "ಅಪ್ಪಯ್ಯ, ಕಾಣಿ, ಅದ್ರ ಕೂದ್ಲ್ ಸುಳ್ಳ್ ಕೂದ್ಲ್" ಎಂದಳು. ಮನಸ್ಸಿಟ್ಟು ನೋಡುತ್ತಿದ್ದವಳು ಅಮ್ಮ ಒಬ್ಬಳೇ.

ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿ ನನ್ನನ್ನು ಓದಿಸಿದ ಅಮ್ಮನಿಗೆ ಓದು ಬರದು, ಹೆದರಿಕೆಯೂ ಬರದು. ಒದ್ದೆ ಕೂದಲಿನವಳು ಕಂಡಾಗಲೆಲ್ಲ ಅವಳಿಗೆ ಬರುತ್ತಿದ್ದದ್ದು ಸಿಟ್ಟು. "ಇದ್ರ ಮನಿಯರ್ ಎಲ್ಲಿ ಹೋಯ್ರ್? ಹೆಣ್ಣ್ ಸತ್ತ್ ಇಷ್ಟ್ ವರ್ಷ ಆಯ್ತ್, ಒಂದ್ ಮದಿ ಮಾಡ್ಸುಕೆ ಆಯ್ಲಿಲ್ಯಾ? ತಿರ್ಗ್ದೆ ಎಂತ ಮಾಡತ್ ಪಾಪ!"

ನಮ್ಮ ಕಡೆ ಮದುವೆಯಾಗದೆ ಸತ್ತವರಿಗೂ ಮದುವೆಯಾಗಬೇಕು. ಅವರೂ ಅಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ ಎಂಬುದು ನಂಬಿಕೆ. ಹಾಗೆಯೇ ತೀರಿಕೊಂಡ ಇನ್ನೊಬ್ಬರನ್ನು ಹುಡುಕಿ, ಬಳಿ ವಿಚಾರಿಸಿ (ಬಳಿಯೆಂದರೆ ಗೋತ್ರವಿದ್ದಂತೆ, ಇಬ್ಬರದೂ ಒಂದೇ ಆಗಬಾರದು) ಆಸಾಡಿಯಲ್ಲಿ ಪ್ರೇತ ಮದುವೆ ಮಾಡುತ್ತಾರೆ. ಮಾಡದಿದ್ದರೆ ಅವರು ಮನೆಯ ಸುತ್ತಲೇ ಸುಳಿಯುತ್ತಿರುತ್ತಾರಂತೆ. ಹಾಗೆ ಸುಳಿಯುತ್ತಿದ್ದವನು ನಮ್ಮಲ್ಲೂ ಒಬ್ಬನಿದ್ದ: ನನ್ನ ಅಣ್ಣ ರಘು. ನಾನು ಹುಟ್ಟುವ ಮುಂಚೆಯೇ, ಮೂರು ವರ್ಷದ ಮಗುವಾಗಿದ್ದಾಗ ಜ್ವರದಲ್ಲಿ ಹೋದವನು. ಕೇಳಿಬಂದ ಒಂದೆರಡು ಹೆಣ್ಣುಗಳೂ ನಮ್ಮ ಬಳಿಯವೇ ಆಗಿ ಅವನು ಹಾಗೇ ಉಳಿದುಬಿಟ್ಟಿದ್ದ. ನನ್ನ ಮದುವೆಯ ದಿನ ಅಮ್ಮ "ದೊಡ್ಡವಂದ್ ಆಪುಕೆ ಮುಂಚೆಯೇ ಸಣ್ಣವಂದ್ ಆಯಿಹೋಯ್ತಲೆ" ಎಂದು ಅತ್ತಿದ್ದಳು. ತಾನು ಕಣ್ಣುಮುಚ್ಚುವುದರೊಳಗೆ ದೊಡ್ಡವನಿಗೊಂದು ಹೆಣ್ಣು ಸಿಗಬೇಕೆಂಬುದು ಅವಳಿಗಿದ್ದ ಒಂದೇ ಆಸೆ.

ಆ ವಾರ ವಿಮರ್ಶೆಗೆ ವಿಷಯವಿಲ್ಲದೆ ಪರದಾಡುತ್ತಿದ್ದ ನನಗೆ ಅಮ್ಮನ ಸಿಟ್ಟೇ ಸಾಕಾಯಿತು. ಬರೆದೆ: 'ಈ ದೆವ್ವದ ಸಮಸ್ಯೆಗೆ ಪೊಲೀಸರು ಬೇಡ, ಗಂಡು ಬೇಕು. ನಮ್ಮ ಮನೆಯಲ್ಲೊಂದು ಗಂಡಿದೆ, ನನ್ನ ಅಣ್ಣ. ಮೂರನೇ ವರ್ಷದಲ್ಲೇ ತೀರಿಕೊಂಡಿದ್ದರಿಂದ ಯಾವ ದುರಭ್ಯಾಸವೂ ಇಲ್ಲ. ಧಾರಾವಾಹಿಯವರು ಹೆಣ್ಣಿನ ಬಳಿ ಯಾವುದೆಂದು ತಿಳಿಸಿದರೆ ಮಾತುಕತೆ ಮುಂದುವರಿಸಬಹುದು.' ಸಂಪಾದಕರು "ಲಾಯ್ಕ್ ಆಯ್ತ್ ಮಾರಾಯ್ರೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಗಡಿ, ಬಸ್ಸು ಎಲ್ಲೆಲ್ಲೂ ನನಗೆ ಶಹಭಾಸ್‌ಗಿರಿ. ನಾನೂ ಉಬ್ಬಿದೆ.

ಮುಂದಿನ ಕಂತಿನ ದಿನ ಮುಸ್ಸಂಜೆಯಿಂದಲೇ ಗಾಳಿ. ಕಡಲು ಅಂಗಳಕ್ಕೇ ಬಂದಂತೆ ಮೊರೆಯುತ್ತಿತ್ತು. ಹೆಂಡತಿ ತವರಿಗೆ ಹೋಗಿದ್ದಳು. ಟಿವಿಯ ಮುಂದೆ ನಾವು ಮೂವರೇ. ಒದ್ದೆ ಕೂದಲಿನವಳು ಮೊದಲ ಬಾರಿಗೆ ನಮ್ಮತ್ತ ತಿರುಗಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ನಾನು ದೇವರಿಗೂ ವಿದ್ಯುತ್ ಇಲಾಖೆಗೂ ಮನಸ್ಸಿನಲ್ಲೇ ಕೈಮುಗಿದೆ. ಆ ಕತ್ತಲೆಯಲ್ಲಿ ಹೊರಗಿನಿಂದ ಒಂದು ಗಂಡಸಿನ ದನಿ ಕೇಳಿತು.

"ಹ್ವಾಯ್, ಮನೇಲಿ ಯಾರಿದ್ರಿ? ನಾವ್ ಹೆಣ್ಣಿನ ಬದಿಯರ್."

ಮದುವೆಗಿರುವ ಗಂಡೇ ಇಲ್ಲದ ಮನೆ ನಮ್ಮದು. ನಾನು ಕಾಲೆರಡನ್ನೂ ಕುರ್ಚಿಯ ಮೇಲೆಳೆದುಕೊಂಡೆ. ಸಹನಾಳೇ ಹೋಗಿ ಬಾಗಿಲು ತೆರೆದಳು. ಚಿಮಣಿ ದೀಪದ ಬೆಳಕಿಗೆ ಒಬ್ಬ ಮುದುಕ, ಒಬ್ಬಳು ಮುದುಕಿ ಬಂದರು. ಆತನ ಕೈಯಲ್ಲಿ ವೀಳ್ಯದೆಲೆ, ತೆಂಗಿನಕಾಯಿಯಿದ್ದ ಚೀಲ.

"ನಾವ್ ಬ್ರಹ್ಮಾವರದ ಬದಿಯರ್. ನೀವ್ ಪೇಪರ್ನಾಗೆ ಬರ್ದದ್ದ್ ಓದಿದ್ತ್" ಎಂದ ಆತ. "ನಮ್ ಸರೋಜ ಹದ್ನಾರ್ನೇ ವರ್ಷಕ್ಕೆ ಹೊಳಿಗೆ ಬಿದ್ದ್ ಹೋಯ್ತ್. ಎಷ್ಟ್ ಹುಡ್ಕಿರೂ ಗಂಡ್ ಸಿಕ್ಲಿಲ್ಲೆ. ದುರಭ್ಯಾಸ ಇಲ್ಲೆ ಅಂದ್ ಬರ್ದಿದ್ರಲೆ, ನಮ್ಗೆ ಅಷ್ಟೇ ಬೇಕಿದ್ದದ್ದ್."

ಅದು ತಮಾಷೆಗೆ ಬರೆದದ್ದು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಮ್ಮ ನೆಲಕ್ಕೆ ಕೈಯೂರಿ ಎದ್ದು ಬಂದು ನನ್ನ ಮೊಣಕೈ ಹಿಡಿದಳು. "ಮಗಾ, ಅಣ್ಣಂಗೆ ಹೆಣ್ಣ್ ಹುಡ್ಕುಕೆ ಪೇಪರಿಗೆ ಹಾಕಿದ್ಯಾ? ನಂಗೊಂದ್ ಮಾತ್ ಹೇಳ್ಲಿಲ್ಯಲಾ!" ಅವಳ ಅಷ್ಟು ಸಂತೋಷದ ಮುಖವನ್ನು ನಾನು ಸಹನಾ ಹುಟ್ಟಿದ ದಿನವೂ ಕಂಡಿರಲಿಲ್ಲ. "ಹೌದಮ್ಮ" ಎಂದೆ. ನಾನು ಜೀವಮಾನದಲ್ಲಿ ಬರೆದ ವಿಮರ್ಶೆಗಳಿಗಿಂತ ಆ ಒಂದು ಸುಳ್ಳು ಮೇಲು.

"ಬಳಿ ಯಾವ್ದ್?" ಅಮ್ಮ ಕೇಳಿದಳು. ಆತ ಹೇಳಿದ. ಬೇರೆಯೇ! ಅಮ್ಮ ಕಣ್ಣೊರೆಸಿಕೊಂಡಳು.

ಈಗ ಮುದುಕಿ ಕೇಳಿದಳು: "ಗಂಡ್ ಕಾಂಬುಕೆ ಹ್ಯಾಂಗಿತ್ತ್?"

"ಇವ್ನ್ ಹಾಂಗೇ. ಇವ್ನಿಂದ ಚೂರ್ ಬಿಳಿ" ಎಂದಳು ಅಮ್ಮ.

ಮುದುಕಿ ದೀಪವನ್ನೆತ್ತಿ ನನ್ನ ಮುಖದ ಹತ್ತಿರ ತಂದಳು. ನನ್ನನ್ನೇ ನೋಡುತ್ತಾಳೆಂದು ಬೋಳುತಲೆಯ ಮೇಲುಳಿದ ನಾಲ್ಕು ಕೂದಲು ಸರಿಮಾಡಿಕೊಂಡೆ. ಆದರೆ ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಭುಜದ ಹಿಂದೆ, ಸ್ವಲ್ಪ ಮೇಲಕ್ಕೆ. ತುಂಬ ಹೊತ್ತು ನೋಡಿ "ಎತ್ತರ ಸಮ ಆತ್ತ್" ಎಂದಳು. ನಾನು ತಿರುಗಿ ನೋಡಲಿಲ್ಲ. ನನ್ನ ಕೈಲಿ ಆಗಲೂ ಇಲ್ಲ.

ಆಸಾಡಿ ಮುಗಿಯುವುದರೊಳಗೆ ನಮ್ಮ ಚಾವಡಿಯಲ್ಲೇ ಮದುವೆಯಾಯಿತು. ಒಂದು ಕುರ್ಚಿಯ ಮೇಲೆ ಪಂಚೆ, ಶಲ್ಯ. ಇನ್ನೊಂದರ ಮೇಲೆ ಹಸಿರು ಸೀರೆ, ಬಳೆ, ಮಲ್ಲಿಗೆ. ಧಾರೆಯೆರೆಯುವಾಗ ಗಾಳಿಯೇ ಇಲ್ಲದೆ ಸೀರೆಯ ಸೆರಗು ಪಂಚೆಯ ಮೇಲೆ ಜಾರಿ ಬಿತ್ತು. "ಹೆಣ್ಣಿಗೆ ಒಪ್ಪಿಗೆ" ಎಂದರು ಹಿರಿಯರು. ನುಣುಪು ಬಟ್ಟೆ, ಜಾರುತ್ತದೆ, ಎಂದು ನನಗೆ ನಾನೇ ಹೇಳಿಕೊಂಡೆ. ಹೊರಡುವಾಗ ಸರೋಜಳ ತಾಯಿ ಖಾಲಿ ಕುರ್ಚಿಯನ್ನು ಸವರಿ "ಬತ್ತೆ ಮಗಾ, ಚಂದ ಮಾಡಿ ಇರ್" ಎಂದು, ನನ್ನ ಕಡೆ ತಿರುಗಿ "ಅತ್ಗಿನ ಕಂಡ್ಕಣಿ" ಎಂದು ಅತ್ತಿಗೆಯನ್ನು ನನಗೊಪ್ಪಿಸಿದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಧಾರಾವಾಹಿಯ ಕೊನೆಯ ಕಂತು ಅದೇ ಸಂಜೆ ಬಂದು ಹೋಯಿತಂತೆ. ನಾವ್ಯಾರೂ ನೋಡಲಿಲ್ಲ. ಏನೂ ಬಗೆಹರಿಯಲಿಲ್ಲವೆಂದು ದೊಡ್ಡ ಊರಿನ ವಿಮರ್ಶಕರು ಗೊಣಗಿದರು. ವಾರ್ಡನ್ ಕೊಲೆಗಾರನಲ್ಲವೆಂದು ಡ್ರೈವರುಗಳು ಚಾ-ಬನ್ಸು ಕಳೆದುಕೊಂಡರು. ಅಮ್ಮ ಮಾತ್ರ "ಅದ್ರ ಚಿಂತಿ ಅದ್ರ ಮನಿಯರಿಗೆ. ನಮ್ದ್ ಆಯ್ತಲೆ" ಎಂದು ಹೊದ್ದು ಮಲಗಿದಳು.

ನವದಂಪತಿಗೆ ಒಳಕೋಣೆ ಬಿಟ್ಟುಕೊಟ್ಟೆವು. ಅಕ್ಕಿಯ ಡಬ್ಬವೂ ಅಲ್ಲೇ ಇತ್ತು. ಆ ವಾರವೇ ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಹೆಂಡತಿ ಅಕ್ಕಿ ತನ್ನಿ ಎಂದಳು. ನಾನು ಬನಿಯನ್ನಿನ ಮೇಲೆ ಅಂಗಿ ತೊಟ್ಟು, ಗುಂಡಿ ಹಾಕಿ, ಬಾಗಿಲ ಬಳಿ ನಿಂತು ಎರಡು ಸಲ ಕೆಮ್ಮಿದೆ.

"ಅಪ್ಪಯ್ಯ, ಹೆದ್ರಿಕಿಯಾ?" ಎಂದಳು ಸಹನಾ.

"ಹೆದ್ರಿಕಿ ಎಂತದ್ದ್? ಅತ್ಗಿ ಇಪ್ಪಲ್ಲಿಗೆ ಬನಿಯನ್ನಂಗೆ ಹೋಪುದಾ? ಮರ್ಯಾದಿ ಬ್ಯಾಡ್ದಾ?" ಎಂದು ಗದರಿದೆ. ಆಮೇಲೆ ಇನ್ನೊಂದು ಸಲ ಕೆಮ್ಮಿ, ಗಂಡಸರು ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ನುಗ್ಗುವುದು ಸರಿಯಲ್ಲವೆಂದು ತೋರಿ, ಅವಳನ್ನೇ ಒಳಗೆ ಕಳುಹಿಸಿದೆ.