ಪ್ರೊಸೆಸರ್ ಫ್ಯಾನಿನವರ ಸನ್ನಿಧಿಗೆ, ಪದಬಂಧದ ಮೂಲೆಯಿಂದ

ಇವರಿಗೆ:
ಶ್ರೀಯುತ ಪ್ರೊಸೆಸರ್ ಫ್ಯಾನಿನವರು,
ಕಪ್ಪು ಡಬ್ಬಿಯ ಒಳಮನೆ, ಮೇಜಿನ ಕೆಳಗೆ.

ಮಾನ್ಯರೇ,

ತಮ್ಮ ಏಳು ರೆಕ್ಕೆಗಳಿಗೂ ಬಿಡಿಬಿಡಿಯಾಗಿ ಏಳು ನಮಸ್ಕಾರಗಳು. ತಾವೀಗ ಕ್ಷೇಮವಾಗಿ ಸುತ್ತುತ್ತಿದ್ದೀರೆಂದು ಸದ್ದಿನಿಂದ ತಿಳಿಯುತ್ತಿದೆ. ತಾವು ಸುತ್ತದೆ ಇದ್ದ ದಿನಗಳಲ್ಲಿ ನಾನು ಎಷ್ಟು ಸುತ್ತಿದೆ ಎಂಬುದನ್ನು ನಿವೇದಿಸಿಕೊಳ್ಳುವುದಕ್ಕೇ ಈ ಪತ್ರ. ಪ್ರತಿ ಭಾನುವಾರ ಈ ಪುಟದ ಬಲ ಮೂಲೆಯಲ್ಲಿ ಹದಿನೈದು ಮನೆ ಉದ್ದ, ಹದಿನೈದು ಮನೆ ಅಗಲದ ನನ್ನ ಪದಬಂಧ ಇರುತ್ತದೆ. ಇಂದು ಅದಿಲ್ಲ, ಈ ಪತ್ರವಿದೆ. ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿರುವ ಓದುಗರು ಅದರ ಮೊನೆಯನ್ನು ನನ್ನತ್ತ ತಿರುಗಿಸುವ ಮೊದಲು ಮೇಜಿನ ಕೆಳಗೂ ಒಮ್ಮೆ ಬಗ್ಗಿ ನೋಡಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ತಮ್ಮ ಹುದ್ದೆ ಎಂಥದ್ದೆಂದು ನನಗೆ ಗೊತ್ತಿರಲಿಲ್ಲ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇನೆ. ಕಂಪ್ಯೂಟರಿನೊಳಗೆ ಪ್ರೊಸೆಸರ್ ಎಂಬ ಯಜಮಾನರಿದ್ದಾರೆ, ಯೋಚನೆಯೆಲ್ಲ ಅವರದೇ, ಯೋಚಿಸಿ ಯೋಚಿಸಿ ಅವರಿಗೆ ತಲೆಬಿಸಿಯಾಗುತ್ತದೆ, ಆ ತಲೆಯ ಮೇಲೆ ಕೂತು ಗಾಳಿ ಹಾಕುವುದು ತಮ್ಮ ಕೆಲಸ, ತಾವು ಕೈಬಿಟ್ಟರೆ ಅವರು ಸುಟ್ಟುಹೋಗುವ ಬದಲು ಯಾರಿಗೂ ಹೇಳದೆ ಕೇಳದೆ ಅಂಗಡಿ ಮುಚ್ಚಿಬಿಡುತ್ತಾರೆ ಎಂಬ ಇಷ್ಟೇ ಇಷ್ಟು ವಿಷಯವನ್ನು ಕಲಿಯಲು ಎರಡು ಪದವಿ ಪಡೆದ ನನಗೆ ಮೂರು ಗುರುವಾರಗಳು ಬೇಕಾದವು.

ಗುರುವಾರವೇ ಏಕೆಂದರೆ, ಗುರುವಾರ ಸಂಜೆ ಐದರೊಳಗೆ ಪದಬಂಧವು ಪತ್ರಿಕೆಯ ಕಚೇರಿ ತಲುಪಬೇಕು. ಹನ್ನೊಂದು ವರ್ಷದಿಂದ ತಲುಪಿದೆ. ಮೊದಲ ಗುರುವಾರ ನಾನು ಎಡದಿಂದ ಬಲಕ್ಕೆ ಮುಗಿಸಿ, ಮೇಲಿನಿಂದ ಕೆಳಕ್ಕೆ ಸುಳಿವುಗಳನ್ನು ಬರೆಯುತ್ತಿದ್ದಾಗ, ಪರದೆಯ ಇನ್ನೂರ ಇಪ್ಪತ್ತೈದು ಮನೆಗಳೂ ಒಮ್ಮೆಗೇ ಕಪ್ಪು ಮನೆಗಳಾದವು. ಎರಡನೆಯ ಗುರುವಾರವೂ ಅದೇ ಕಥೆ. ಎರಡು ಸಲವೂ ಸಂಪಾದಕರು ಹಳೆಯದೊಂದು ಪದಬಂಧವನ್ನೇ ಮತ್ತೆ ಅಚ್ಚು ಹಾಕಿದರು; ಓದುಗರು ಹತ್ತೇ ನಿಮಿಷದಲ್ಲಿ ಬಿಡಿಸಿ, ತಂತಮ್ಮ ಬುದ್ಧಿ ಇದ್ದಕ್ಕಿದ್ದಂತೆ ಚುರುಕಾಗಿದೆಯೆಂದು ಎರಡು ದಿನ ಹಿಗ್ಗಿ, ಮೂರನೆಯ ದಿನ ನಿಜ ತಿಳಿದು ತಿರುಗಿಬಿದ್ದರು. ನನಗೂ ಊರಿನಲ್ಲಿ ಒಂದಷ್ಟು ಫ್ಯಾನುಗಳಿದ್ದರು ಮಾನ್ಯರೇ. ಅವರೆಲ್ಲರೂ ತಿರುಗಿಬಿದ್ದರು, ತಿರುಗಲೇಬೇಕಾದ ತಾವೊಬ್ಬರು ಮಾತ್ರ ತಿರುಗಲಿಲ್ಲ. ಸಂಪಾದಕರು ಫೋನ್ ಮಾಡಿ ಬಹಳ ಮೃದುವಾಗಿ, "ಇನ್ನೊಂದು ಸಲ ತಡ ಆದ್ರೆ ಆ ಮೂಲೇಲಿ ಹವಾಮಾನ ಹಾಕ್ತೀನಿ. ಅದು ತಪ್ಪಾದ್ರೂ ಟೈಮಿಗೆ ಬರುತ್ತೆ" ಎಂದರು.

ತಾವು ಕರ್ತವ್ಯವನ್ನು ಗಾಳಿಗೆ ತೂರಿದಿರಿ ಎಂದು ಆರೋಪಿಸೋಣವೆಂದರೆ ತೂರುವುದಕ್ಕೆ ಬೇಕಾದ ಗಾಳಿಯೂ ತಮ್ಮಿಂದ ಬಂದಿರಲಿಲ್ಲ. ಹಾಗೆಂದು ತಾವು ಮುಂಚಿತವಾಗಿ ತಿಳಿಸಲಿಲ್ಲ ಎನ್ನುವಂತೆಯೂ ಇಲ್ಲ. ತಿಂಗಳಿಂದ ಪ್ರತಿ ಬೆಳಿಗ್ಗೆ ಗುಂಡಿ ಒತ್ತಿದೊಡನೆ ಕಪ್ಪು ಪರದೆಯ ಮೇಲೆ ಬಿಳಿಯ ಇಂಗ್ಲಿಷಿನಲ್ಲಿ ಎರಡು ಸಾಲು ಬರುತ್ತಿದ್ದವು: ಪ್ರೊಸೆಸರ್ ಫ್ಯಾನಿನಲ್ಲಿ ದೋಷವಿದೆ, ಮುಂದುವರಿಯಲು ಎಫ್-ಒನ್ ಒತ್ತಿ. ಮೊದಲನೆಯದು ಸುದ್ದಿ, ಎರಡನೆಯದು ಆಜ್ಞೆ. ನಾನು ಶಾಲೆಯ ಕಾಲದಿಂದಲೂ ವಿಧೇಯ, ಆಜ್ಞೆಯನ್ನಷ್ಟೇ ಪಾಲಿಸಿದೆ. ಹಲ್ಲುಜ್ಜುವುದು, ಎಫ್-ಒನ್ ಒತ್ತುವುದು, ಕಾಫಿ ಕುಡಿಯುವುದು ಎಂಬ ಕ್ರಮದಲ್ಲಿ ದಿನಚರಿ ಸಾಗಿ, ಆ ಕೀಲಿಯ ಮೇಲಿನ ಅಕ್ಷರವೇ ಸವೆದುಹೋಯಿತು. ಕಂಪ್ಯೂಟರಿಗೆ ಪಾಪ ದಿನಾ ಬೆಳಿಗ್ಗೆ ಹಾಜರಿ ಹಾಕುವ ಅಭ್ಯಾಸವಿರಬೇಕೆಂದು ನಾನು ಭಾವಿಸಿದ್ದೆ.

ಅಂಗಡಿ ಮುಚ್ಚುವುದು ಶುರುವಾದ ಮೇಲೆ ತಜ್ಞರನ್ನು ಕರೆಸದೆ ಇರಲಿಲ್ಲ. ಮೊದಲು ಬಂದವನು ನನ್ನ ಹೆಂಡತಿಯ ತಮ್ಮ. ಮಿಕ್ಸಿ ಕೆಟ್ಟರೂ ಮದುವೆ ಮುರಿದರೂ 'ಒಂದ್ಸಲ ಆಫ್ ಮಾಡಿ ಆನ್ ಮಾಡಿ' ಎನ್ನುವುದರಿಂದ ಬಂಧುವರ್ಗದಲ್ಲಿ ಅವನಿಗೆ 'ರೀಸ್ಟಾರ್ಟ್' ಎಂದೇ ಹೆಸರು. ಅವನು ಪ್ಲಗ್ ಕಿತ್ತು, ಡಬ್ಬಿಯ ಮಗ್ಗುಲು ಬಿಚ್ಚಿ, ಮೆಮೊರಿಯ ಪಟ್ಟಿಯನ್ನು ಹೊರತೆಗೆದು, ನನ್ನ ಪದಬಂಧದ ರಬ್ಬರಿನಿಂದಲೇ ಅದನ್ನು ಉಜ್ಜಿದ. ಅಳಿಸುವ ರಬ್ಬರಿನಿಂದ ತಿಕ್ಕಿದರೆ ನೆನಪಿನ ಶಕ್ತಿ ಹೆಚ್ಚುತ್ತದೆಂಬ ತತ್ವ ನನಗೆ ಆಗಲೇ ಗುಮಾನಿ ಹುಟ್ಟಿಸಿತ್ತು. ಪ್ಲಗ್ ಕಿತ್ತಿದ್ದರಿಂದ ತಾವು ನಿಂತಿದ್ದುದು ಸಹಜವಾಗಿಯೇ ಕಂಡಿತು. "ಒಳಗೆ ಬಿಸಿ ಜಾಸ್ತಿ ಭಾವ, ಗಾಳಿ ಬೇಕು" ಎಂದು ಅವನು ತೆರೆದ ಡಬ್ಬಿಗೆ ಎದುರಾಗಿ ಮೇಜಿನ ಫ್ಯಾನ್ ಇಟ್ಟು ಹೋದ. ಹೀಗೆ ಒಬ್ಬ ಫ್ಯಾನಿಗೆ ಗಾಳಿ ಹಾಕಲು ಇನ್ನೊಬ್ಬ ಫ್ಯಾನನ್ನು ನೇಮಿಸಿದ ಮೊದಲ ಮನೆ ನಮ್ಮದು. ನನ್ನ ಹಾಳೆಗಳೆಲ್ಲ ಅಡುಗೆಮನೆ ಸೇರಿದವು. ಹೆಂಡತಿಯ ಮೇಜಿನ ಮೇಲಿದ್ದ ಬಟ್ಟೆಯ ಚೂರು, ನೂಲಿನ ತುಣುಕುಗಳೆಲ್ಲ ತಮ್ಮ ಮನೆ ಸೇರಿದವು.

ನನ್ನ ಹೆಂಡತಿ ದರ್ಜಿ ಎಂಬುದನ್ನು ಇಲ್ಲಿ ಅರಿಕೆ ಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಬೆಳಕಿರುವ ಕೋಣೆ ಒಂದೇ. ಅದರ ಕಿಟಕಿಯ ಬಳಿ ಅವಳ ಹೊಲಿಗೆ ಯಂತ್ರ, ಗೋಡೆಯ ಬಳಿ ನನ್ನ ಕಂಪ್ಯೂಟರ್, ಎರಡಕ್ಕೂ ಒಂದೇ ಪ್ಲಗ್ಗು. ಹನ್ನೊಂದು ವರ್ಷ ಅವಳು ಬಟ್ಟೆ ಕತ್ತರಿಸುತ್ತ, ನಾನು ಪದ ಕತ್ತರಿಸುತ್ತ ಸುಖವಾಗಿಯೇ ಇದ್ದೆವು. ಎರಡನೆಯ ಗುರುವಾರ ಕೈಕೊಟ್ಟ ಮೇಲೆ ನಾನು ರಿಪೇರಿಯವರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಫ್ಯಾನ್ ತಿರುಗ್ತಿದೆಯಾ ಸಾರ್, ಕಣ್ಣಾರೆ ನೋಡಿದ್ರಾ?" ಕೋಣೆಯಲ್ಲಿ ಒಟ್ಟಾರೆ ಏನೋ ಗಿರ್ರೆನ್ನುತ್ತಿತ್ತು, ನಾನು ನೋಡಿದೆ ಎಂದೆ. ಹಾಗಾದರೆ ಕರೆಂಟಿನ ತೊಂದರೆ ಇರಬಹುದೇನೋ ಎಂದು ಅವರು ರಾಗ ಎಳೆದರು. ಅವರ 'ಇರಬಹುದೇನೋ' ನನ್ನ ಬಾಯಲ್ಲಿ 'ಹೌದು' ಆಯಿತು; ಹೊಲಿಗೆ ಯಂತ್ರವೇ ಕರೆಂಟೆಲ್ಲ ಎಳೆದುಕೊಳ್ಳುತ್ತಿದೆಯೆಂದು ಘೋಷಿಸಿ, ಅದನ್ನು ಬಚ್ಚಲುಮನೆಯ ಪಕ್ಕದ ಓಣಿಗೆ ಸಾಗಿಸಿದೆ. ಅಲ್ಲಿ ಕಿಟಕಿಯಿಲ್ಲ. ಅವಳು ಒಂದು ವಾರ ಆ ಓಣಿಯಲ್ಲಿ ಕೂತು, ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುತ್ತ, ಬೆಳಕು ಸಾಲದು ಎಂದು ಹೇಳುತ್ತಲೇ ಇದ್ದಳು. ನಾನು ಹೂಂ ಎನ್ನುತ್ತಲೇ ಇದ್ದೆ.

ಮೂರನೆಯ ಗುರುವಾರ, ಅಂದರೆ ಇದೇ ಗುರುವಾರ, ಮಧ್ಯಾಹ್ನ ಮೂರೂವರೆಗೆ, ಇಪ್ಪತ್ತೆರಡು ಸುಳಿವು ಮುಗಿದಿದ್ದಾಗ, ತಮ್ಮ ಯಜಮಾನರು ಮತ್ತೆ ಅಂಗಡಿ ಮುಚ್ಚಿದರು. ನಾನು ಹೊಲಿಗೆ ಯಂತ್ರವನ್ನು ಬೈಯಲು ಬಾಯಿ ತೆರೆದೆ. ಅದು ಓಣಿಯಲ್ಲಿ, ಬೇರೆ ಪ್ಲಗ್ಗಿನಲ್ಲಿತ್ತು. ನನ್ನ ಟೈಪಿಂಗಿನ ಸದ್ದು ನಿಂತದ್ದು ಕೇಳಿ ಹೆಂಡತಿ ಯಂತ್ರ ಬಿಚ್ಚುವ ಸ್ಕ್ರೂಡ್ರೈವರ್ ಹಿಡಿದು ಬಂದು, "ಸರೀರಿ ಸ್ವಲ್ಪ" ಎಂದು ನನ್ನನ್ನು ಕುರ್ಚಿ ಸಮೇತ ಪಕ್ಕಕ್ಕೆ ತಳ್ಳಿ, ನೆಲದ ಮೇಲೆ ಕೂತು, ಟಾರ್ಚ್ ಬಿಟ್ಟಳು. ತಮ್ಮ ರೆಕ್ಕೆಗಳಿಗೆ ಯಾವುದೋ ಜಿಡ್ಡು ಪದಾರ್ಥ ತಗುಲಿ, ಅದರ ಮೇಲೆ ನಾರು, ನೂಲು, ದೂಳು ಮೆತ್ತಿಕೊಂಡು, ತಾವು ಒಂದು ದಪ್ಪ ಸ್ವೆಟರ್ ತೊಟ್ಟು ಕೂತಿದ್ದುದು ಕಂಡುಬಂತು. ಜಿಡ್ಡು ಹೇಗೆ ಬಂತೆಂಬುದು ತನಿಖೆಗೆ ಬಿಟ್ಟ ವಿಷಯ. ಅವಳು ಯಂತ್ರದ ಹಲ್ಲು ತಿಕ್ಕುವ ಪುಟ್ಟ ಬ್ರಷ್ಷು, ಚಿಮುಟ, ಒಣಬಟ್ಟೆ ಹಿಡಿದು ಮುಕ್ಕಾಲು ಗಂಟೆ ಎಳೆ ಎಳೆಯಾಗಿ ಬಿಡಿಸಿದಳು. ನಾಲ್ಕೂ ಇಪ್ಪತ್ತಕ್ಕೆ ಗುಂಡಿ ಒತ್ತಿದರೆ ಎಫ್-ಒನ್ನಿನ ಸುಳಿವೇ ಇಲ್ಲ, ತಾವು ಗಿರಗಿರನೆ ತಿರುಗಿದಿರಿ. ಕಳೆದುಹೋದ ಇಪ್ಪತ್ತೆರಡು ಸುಳಿವುಗಳನ್ನು ಬೆವರುತ್ತ ಮತ್ತೆ ಬರೆದು, ಉಳಿದದ್ದನ್ನು ಮುಗಿಸಿ ಕಳಿಸುವಾಗ ಗಡಿಯಾರ ಐದೂ ನಾಲ್ಕು ತೋರಿಸುತ್ತಿತ್ತು.

ಈ ಎಲ್ಲ ಹಿನ್ನೆಲೆಯಲ್ಲಿ, ತಮ್ಮ ಘನತೆಗೆ ತಕ್ಕ ಕೆಲವು ಕಿರಿಯ ಕೋರಿಕೆಗಳು. ಇನ್ನು ಮುಂದೆ ತಮಗೆ ನಿಲ್ಲಬೇಕೆನಿಸಿದರೆ ಏಳು ದಿನ ಮೊದಲು ರಜೆಯ ಅರ್ಜಿ ಸಲ್ಲಿಸಬೇಕು. ಗುರುವಾರದ ಅರ್ಜಿಗಳನ್ನು ಪರಿಗಣಿಸಲಾಗದು. ದೋಷವನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸುವ ಬದಲು ಮನುಷ್ಯರಂತೆ ಒಂದು ಸಲ ಕೆಮ್ಮಬೇಕು. ಯಜಮಾನರಿಗೆ ಅಂಗಡಿ ಮುಚ್ಚುವುದು ಅನಿವಾರ್ಯವಾದರೆ, ಕೊನೆಯ ಮನೆಯ ಕೊನೆಯ ಅಕ್ಷರ ತುಂಬುವವರೆಗೆ ಉಸಿರು ಬಿಗಿಹಿಡಿದು ಕೂರುವಂತೆ ಅವರ ಮನವೊಲಿಸಬೇಕು. ಮತ್ತು ತಮ್ಮ ಬಳಗದ ಯಾರಾದರೂ ಪತ್ರಿಕೆಯ ಕಚೇರಿಯ ಗಡಿಯಾರದೊಳಗೆ ಕೆಲಸದಲ್ಲಿದ್ದರೆ, ಗುರುವಾರ ಸಂಜೆಗಳಲ್ಲಿ ಒಂದು ನಾಲ್ಕು ನಿಮಿಷ ಸುಸ್ತಾಗುವಂತೆ ಅವರಿಗೆ ತಿಳಿಸಬೇಕು.

ಇಷ್ಟು ಟೈಪ್ ಮಾಡುವಷ್ಟರಲ್ಲಿ ಹೆಂಡತಿ ಬೆನ್ನ ಹಿಂದೆ ಬಂದು ನಿಂತು ಮೊದಲಿನಿಂದ ಓದಿ, "ಜಿಡ್ಡು ಪದಾರ್ಥ ಅಂತೆ. ಎಣ್ಣೆ ವಿಷಯ ಎಲ್ರೀ?" ಎಂದು ಕೇಳಿದ್ದಾಳೆ. ಆದ್ದರಿಂದ ತನಿಖೆಯ ವರದಿಯನ್ನೂ ಲಗತ್ತಿಸುತ್ತಿದ್ದೇನೆ.

ತಮ್ಮ ಮೈಯಿಂದ ಬಿಡಿಸಿದ ನಾರನ್ನೆಲ್ಲ ಅವಳು ಗುರುವಾರ ಬಿಳಿಯ ಹಾಳೆಯೊಂದರ ಮೇಲೆ ಸಾಲಾಗಿ ಜೋಡಿಸಿದಳು. ನಾನು ಕಂಡದ್ದು ಕಸ. ಅವಳು ಕಂಡದ್ದು ಕ್ಯಾಲೆಂಡರು. ತಮ್ಮ ಕೆಳಗಿನ ಲೋಹದ ಸೀಳುಗಳಲ್ಲಿ ಸಿಕ್ಕಿದ್ದ ನೀಲಿ ನಾರು ಶಾಲೆಯ ಸಮವಸ್ತ್ರದ್ದು, ಒಣಗಿ ಪುಡಿಪುಡಿಯಾಗಿತ್ತು. ರೆಕ್ಕೆಗಳಿಗೆ ಅಂಟಿದ್ದು ಹಸಿರು, ಆಸ್ಪತ್ರೆಯವರು ಹೊಲಿಸಿಕೊಂಡ ಗೌನುಗಳದ್ದು, ಹಿಂಡಿದರೆ ಎಣ್ಣೆ ಬರುವಂತಿತ್ತು. ಅವಳು ಮೂಸಿ ನೋಡಿದಳು. ಆಮೇಲೆ ದನಿ ಏರಿಸದೆ ಹೇಳಿದಳು: "ನೀಲಿ ಮುಗಿಸಿ ನಾನು ನಾಲ್ಕು ದಿನ ಅಕ್ಕನ ಮನೆಗೆ ಹೋದೆ. ವಾಪಸ್ ಬಂದು ಹಸಿರು ಹಿಡಿದೆ. ನೀಲಿ ಒಣಗಿದೆ, ಹಸಿರಲ್ಲಿ ನನ್ನ ಮೆಷಿನ್ ಎಣ್ಣೆ ಇದೆ. ಆ ನಾಲ್ಕು ದಿನ ಮನೇಲಿ ಯಾರಿದ್ರು?"

ನಾನಿದ್ದೆ ಮಾನ್ಯರೇ. ನಾನು ಮತ್ತು ತಾವು, ಇಬ್ಬರೇ ಇದ್ದೆವು. ತಾವು ಆಗ ಕಿರ್ರೆನ್ನುತ್ತಿದ್ದಿರಿ. ಅವಳ ಯಂತ್ರ ಕಿರ್ರೆಂದಾಗ ಅವಳು ಪುಟ್ಟ ಸೀಸೆಯಿಂದ ಎರಡು ಹನಿ ಬಿಟ್ಟು ಸುಮ್ಮನಾಗಿಸುವುದನ್ನು ನಾನು ವರ್ಷಗಳಿಂದ ನೋಡಿದ್ದೆ. ಆ ಸೀಸೆಯನ್ನು ಮುಟ್ಟಕೂಡದೆಂಬ ನಿಯಮವಿತ್ತು, ಆದರೆ ನಿಯಮ ಮಾಡಿದವರು ಊರಲ್ಲಿರಲಿಲ್ಲ. ಯಂತ್ರಕ್ಕೆ ಎರಡು ಹನಿಯಾದರೆ ಕಂಪ್ಯೂಟರಿಗೆ ಹದಿನಾಲ್ಕಾದರೂ ಬೇಡವೇ ಎಂದು ಉದಾರವಾಗಿ ಸುರಿದೆ. ತಮ್ಮ ಕಿರಿಕಿರಿ ನಿಂತಿತು. ನಾನು ತಿಂಗಳುಗಟ್ಟಲೆ ಒಳಗೊಳಗೇ ಬೀಗಿದೆ. ಎಣ್ಣೆ ಹೆಚ್ಚಾದ ಮೇಲೆ ಯಾರು ತಾನೇ ನೆಟ್ಟಗೆ ತಿರುಗಾಡಿಯಾರು? ತಮ್ಮ ನಡೆ ತೂರಾಡಿತು, ಸಿಕ್ಕ ನೂಲಿಗೆಲ್ಲ ಅಂಟಿಕೊಂಡಿರಿ, ಕೊನೆಗೆ ಕೂತಲ್ಲೇ ಕೂತಿರಿ. ಹೀಗೆ ನೀಲಿ ಹಸಿರುಗಳ ನಡುವೆ ನನ್ನ ಬಣ್ಣ ಬಯಲಾಗಿ, ಹನ್ನೊಂದು ವರ್ಷ ಊರಿಗೆಲ್ಲ ಸುಳಿವು ಕೊಟ್ಟವನು ಬಿಟ್ಟುಹೋದ ಸುಳಿವುಗಳನ್ನು ದರ್ಜಿಯೊಬ್ಬಳು ಐದೇ ನಿಮಿಷದಲ್ಲಿ ಬಿಡಿಸಿದಳು. ನನ್ನ ಬಾಯಿಗೆ ಹೊಲಿಗೆ ಬಿತ್ತು.

ತಾವು ಪ್ರತಿ ಬೆಳಿಗ್ಗೆ ಹೇಳಿದ್ದನ್ನು ನಾನು ಎಫ್-ಒನ್ ಒತ್ತಿ ದಾಟಿದೆ, ಅವಳು ಓಣಿಯಿಂದ ಹೇಳಿದ್ದನ್ನು ಹೂಂ ಎಂದು ದಾಟಿದೆ. 'ಹೂಂ' ಎಂಬುದು ಗಂಡಂದಿರ ಎಫ್-ಒನ್ ಎಂದು ಹೇಳಿದವಳೂ ಅವಳೇ. ಅದನ್ನು ಪದಬಂಧದಲ್ಲಿ ಸುಳಿವಾಗಿ ಬಳಸಲು ಅನುಮತಿ ಬೇಡಿದೆ, ಸಿಕ್ಕಲಿಲ್ಲ.

ಹೊಲಿಗೆ ಯಂತ್ರ ಈಗ ಮತ್ತೆ ಕಿಟಕಿಯ ಬಳಿ ಇದೆ. ತಾವೂ ನಾನೂ ಓಣಿಯಲ್ಲಿದ್ದೇವೆ. ಬೆಳಕು ನಿಜವಾಗಿಯೂ ಸಾಲದು. ಸಂಪಾದಕರು ಐದೂ ನಾಲ್ಕಕ್ಕೆ ಬಂದ ಪದಬಂಧವನ್ನು ಐದು ಅಂದರೆ ಐದೇ ಎಂದು ಪಕ್ಕಕ್ಕಿಟ್ಟು, ಜಾಗ ಖಾಲಿ ಬಿಡುವಂತಿಲ್ಲವಾದ್ದರಿಂದ ತಡವೇಕಾಯಿತೆಂದು ಬರೆದುಕೊಡಲು ಹೇಳಿದರು. ಓದುಗರು ಪದಬಂಧವೇ ಬೇಕೆಂದು ಕೇಳಿದರೆ ಈ ಮೂಲೆ ನನ್ನದು, ಕೇಳದಿದ್ದರೆ ಹವಾಮಾನದ್ದು. ಆದ್ದರಿಂದ ದೂರೆಂದು ಶುರುವಾದ ಈ ಪತ್ರವನ್ನು ತಾವು ಕ್ಷಮಾಪಣೆಯೆಂದೂ, ನನ್ನ ಹೆಂಡತಿ ತಪ್ಪೊಪ್ಪಿಗೆಯೆಂದೂ, ಓದುಗರು ಅರ್ಜಿಯೆಂದೂ ಓದಿಕೊಳ್ಳಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಹೂಂ ಎಂದವನು

ತಾ.ಕ.: ಪದಬಂಧ ಬರೆಯುವಾಗ ಅರ್ಧ ಗಂಟೆಯೂ ನಿಲ್ಲದೆ ತಿರುಗಲಾರದ ತಾವು, ನನ್ನ ತಪ್ಪೊಪ್ಪಿಗೆಯ ಈ ಎರಡು ಗಂಟೆಯಲ್ಲಿ ಒಂದೇ ಒಂದು ಸಲವೂ ನಿಲ್ಲಲಿಲ್ಲ. ತಾವು ಯಾರ ಕಡೆಯವರೆಂದು ಗೊತ್ತಾಯಿತು. ಹನಿ ಹದಿನಾಲ್ಕಲ್ಲ, ಅರ್ಧ ಸೀಸೆ ಎಂದು ಹೆಂಡತಿ ತಿದ್ದಿದ್ದಾಳೆ. ಅದನ್ನೂ ತಾವೇ ಹೇಳಿರಬೇಕು.