ನಮ್ಮಕ್ಕನಿಗೆ ಎಲೆಕ್ಟ್ರಾನು ಮೆಟ್ಟಿಕೊಂಡಿದ್ದು

ಊರಿನ ಬೇರೆ ಹೆಣ್ಣುಮಕ್ಕಳಿಗೆ ದೆವ್ವ ಮೆಟ್ಟಿಕೊಂಡರೆ ನಮ್ಮಕ್ಕನಿಗೆ ಎಲೆಕ್ಟ್ರಾನು ಮೆಟ್ಟಿಕೊಂಡಿತ್ತು! ದೆವ್ವವಾದರೆ ಬೇವಿನ ಸೊಪ್ಪಿಗೆ ಇಳಿಯುತ್ತದೆ. ಇದಕ್ಕೆ ಯಾವ ಸೊಪ್ಪು ಹುಡುಕುವುದು? ಎರಡನೇ ಮಹಾಯುದ್ಧದ ಕಾಲದಲ್ಲಿ ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮಳವಳ್ಳಿಗೆ ಬಂದವಳು, ಸಿಕ್ಕವರನ್ನೆಲ್ಲ ಹಿಡಿದು ಒಂದೇ ಮಾತು ಹೇಳುತ್ತಿದ್ದಳು: ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಲಾರವು.

ಒಮ್ಮೆ ಅಕ್ಕನೂ ನಾನೂ ಮದ್ದೂರಿನಿಂದ, ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಬರುತ್ತಿದ್ದೆವು. ಕಂಡಕ್ಟರು ತುಂಬಿದ ಸೀಟಿಗೆ ಇನ್ನೊಬ್ಬರನ್ನು ತುರುಕುತ್ತ, "ವಸಿ ಜರುಗವ್ವ" ಅಂದ. ಅಕ್ಕ ಜರುಗುತ್ತಲೇ, "ಎಲೆಕ್ಟ್ರಾನಿಗೆ ಕಂಡಕ್ಟರಾಗಿದ್ರೆ ಗೊತ್ತಾಯ್ತಿತ್ತು ನಿಮ್ಗೆ! ತಾನಿರೋ ಜಾಗಕ್ಕೆ ಇನ್ನೊಂದುನ್ನ ಸೇರುಸ್ಕಳಾಕಿಲ್ಲ ಅದು!" ಎಂದು ಶುರುಮಾಡಿದಳು. ಆತ ಟಿಕೆಟ್ ಹರಿಯುವುದನ್ನೇ ಮರೆತ. ಇಳಿಯುವಾಗ ಮೆಲ್ಲಗೆ ನನ್ನನ್ನು ಕೇಳಿದ: "ಆ ಎಲೆಕ್ಟ್ರಾನಮ್ಮ ಯಾವೂರೋಳವ್ವ? ಅವಳ ಮ್ಯಾಲೆ ನಿಮ್ಮಕ್ಕುಂಗೆ ಯಾಕಿಷ್ಟು ಸಿಟ್ಟು?"

ಇಂಥವಳನ್ನು ನೋಡಲು ಬಸರಾಳಿನಿಂದ ಗಂಡಿನವರು ಬಂದರು. "ಇವತ್ತೊಂದಿನ ಅದರ ಸುದ್ದಿ ಎತ್ಬ್ಯಾಡ ಕಣವ್ವ" ಎಂದು ಅವ್ವ ಕೈಮುಗಿದಿದ್ದಳು. ಅಕ್ಕನೂ ಒಪ್ಪಿದ್ದಳು. ಆದರೆ ಗಂಡಿನ ಸೋದರಮಾವ ಕಜ್ಜಾಯ ಮುರಿಯುತ್ತ, "ಏನವ್ವ ಓದಿದ್ದು?" ಅಂದುಬಿಟ್ಟರು!

ಮುಗಿಯಿತು! ಅಕ್ಕ ತಟ್ಟೆಯಿಂದ ಎರಡು ಕಜ್ಜಾಯ ಎತ್ತಿಕೊಂಡಳು.

"ಇವೆರಡೂ ಒಂದೇ ತರ ಕಂಡ್ರೂವೆ ಒಂದು ವಸಿ ಸೀದಿರ್ತದೆ. ಎಲೆಕ್ಟ್ರಾನಿನಲ್ಲಿ ಅಷ್ಟೂ ವ್ಯತ್ಯಾಸ ಇಲ್ಲ. ಆದ್ರೆ ಎರಡನ್ನ ಅದಲುಬದಲು ಮಾಡಿದ್ರೆ, ಅವು ಅಂಗಿರೋ ಸಾಧ್ಯತೆ ಎಷ್ಟು ಅಂತ ತೆಗೆಯೋ ಲೆಕ್ಕದ ಚಿಹ್ನೆ ತಿರುಗ್ತದೆ. ಐದಿದ್ದದ್ದು ಮೈನಸ್ ಐದಾಯ್ತದೆ. ಅದು ಅವುಗಳ ಹುಟ್ಟುಗುಣ. ಈಗ ಎರಡೂ ಒಂದೇ ಸ್ಥಿತೀಲಿದ್ರೆ? ಬದಲು ಮಾಡಿದ್ರೂ ಲೆಕ್ಕ ಮೊದಲಿದ್ದಂಗೇ ಇರ್ಬೇಕು. ಚಿಹ್ನೆ ತಿರುಗಲೂ ಬೇಕು, ಲೆಕ್ಕ ಬದಲಾಗಲೂ ಬಾರದು! ಅಂಥ ಸಂಖ್ಯೆ ಯಾವುದು?"

ಸೋದರಮಾವನ ಕಜ್ಜಾಯ ಬಾಯಿಯ ಹತ್ತಿರವೇ ನಿಂತಿತು. ಅವ್ವ ಬಾಗಿಲ ಹಿಂದೆ ಹಣೆ ಚಚ್ಚಿಕೊಂಡಳು. ಗಂಡು, ಮಂಡ್ಯದಲ್ಲಿ ಮೇಷ್ಟ್ರಾಗಿದ್ದವನು, "ಸೊನ್ನೆ!" ಎಂದು ಕೂಗಿ ಎದ್ದೇ ನಿಂತ. "ಅಂದ್ರೆ ಅಂಗೆ ಇರಕ್ಕೇ ಆಗಾಕಿಲ್ಲ!"

"ಆಗಾಕಿಲ್ಲ! ಅದುಕ್ಕೇ ಒಂದೊಂದೂ ಬೇರೆ ಬೇರೆ ಸ್ಥಿತಿ ಹಿಡೀತವೆ. ಇಲ್ದಿದ್ರೆ ಎಲ್ಲಾ ಒಂದೇ ಸ್ಥಿತಿಗೆ ಕುಸಿದು ಈ ಬೆಲ್ಲ ಇಲ್ಲ, ಕಬ್ಬಿಣ ಇಲ್ಲ, ನೀವೂ ಇಲ್ಲ!"

ಅಕ್ಕ ಗೆದ್ದ ಪೈಲ್ವಾನನಂತೆ ಸುತ್ತ ನೋಡಿದಳು. ಸೋದರಮಾವ ರಾಗ ಎಳೆದರು: "ಎಣ್ಣು ವಸಿ ಜಾಸ್ತಿ ಓದ್ಬುಟ್ಟದೆ ಕಣ್ಲಾ..."

"ಸುಮ್ಕಿರಿ ಮಾವ. ನಂಗೆ ಒಪ್ಗೆ."

ಅಪ್ಪನ ಮುಖ ಅರಳಿತು. "ನೀನೇನಂತೀಯವ್ವ?" ಎಂದು ಅಕ್ಕನನ್ನು ಕೇಳಿದ.

ಅಕ್ಕ ನನ್ನ ಕೈ ಹಿಡಿದು ಅಪ್ಪನ ಮುಂದಕ್ಕೆ ಎಳೆದು ನಿಲ್ಲಿಸಿದಳು. ಮನೆಗೊಬ್ಬಳು ಓದಿದ್ದೇ ಸಾಕೆಂದು ಅಪ್ಪ ಆ ತಿಂಗಳಷ್ಟೇ ನನ್ನ ಸ್ಕೂಲು ಬಿಡಿಸಿದ್ದ.

"ನಂಗೂ ಒಪ್ಗೆ ಕಣಪ್ಪ. ಆದ್ರೆ ಇವಳ್ನ ತಿರ್ಗಾ ಇಸ್ಕೂಲಿಗೆ ಕಳುಸ್ತೀನಿ ಅನ್ನು."

ಅಪ್ಪ ಗಂಡಿನವರನ್ನು ನೋಡಿದ, ನನ್ನನ್ನು ನೋಡಿದ. "ಆಯ್ತು ಕಣವ್ವ, ನಾಳಿಂದ್ಲೇ ಓಗ್ಲಿ" ಅಂದ.

ಅಷ್ಟು ಹೊತ್ತು ಎದೆ ಸೆಟೆದು ಮಾತಾಡಿದ್ದ ಅಕ್ಕನ ಅಂಗೈ, ನನ್ನ ಕೈಯೊಳಗೆ ಬೆವತು ಒದ್ದೆಯಾಗಿತ್ತು.